ಮೊದಲು ‘ಎಲ್ಲಿದೆ’ ಅಂತ ಬರೆಯಿರಿ: ಒಂದೇ ವೇಗದ ಲೆಕ್ಕಗಳಿಗೆ ನೇರ ಗೆರೆಯ ದಾರಿ

‘ಒಂದು ರೈಲು ಇಲ್ಲಿಂದ ಹೊರಟಿತು, ಇನ್ನೊಂದು ಅಲ್ಲಿಂದ ಹೊರಟಿತು, ಎರಡೂ ಯಾವಾಗ ಎದುರಾಗುತ್ತವೆ?’ ಈ ಸಾಲು ಓದಿದ ಕೂಡಲೇ ಎಷ್ಟೋ ಜನ ಪೆನ್ನು ಕೆಳಗಿಡುತ್ತಾರೆ. ಉಳಿದವರು ಸೂತ್ರ ಹುಡುಕಲು ಶುರು ಮಾಡುತ್ತಾರೆ. ಎದುರುಬದುರಾಗಿ ಬಂದರೆ ವೇಗ ಕೂಡಿಸಬೇಕಾ, ಕಳೆಯಬೇಕಾ? ಒಂದು ತಡವಾಗಿ ಹೊರಟರೆ ಏನು ಮಾಡಬೇಕು? ಸೇತುವೆ ದಾಟುವಾಗ ರೈಲಿನ ಉದ್ದವನ್ನೂ ಸೇರಿಸಬೇಕಾ? ಒಂದೊಂದಕ್ಕೂ ಒಂದೊಂದು ಸೂತ್ರ ಬಾಯಿಪಾಠ ಮಾಡಿಕೊಂಡರೆ, ಪ್ರಶ್ನೆ ಸ್ವಲ್ಪ ಮಗ್ಗುಲು ಬದಲಾಯಿಸಿದರೂ ಸಾಕು, ಕೈಯಲ್ಲಿರುವ ಸೂತ್ರ ಯಾವುದೂ ಹೊಂದುವುದಿಲ್ಲ.

ನಿಜ ಹೇಳಬೇಕೆಂದರೆ ಅಷ್ಟೆಲ್ಲ ಸೂತ್ರ ಬೇಕಾಗಿಯೇ ಇಲ್ಲ. ವೇಗ ಬದಲಾಗದ ಯಾವ ಲೆಕ್ಕವೇ ಇರಲಿ, ಮೊದಲ ಕೆಲಸ ಒಂದೇ. ಯಾವ ಹೊತ್ತಿನಲ್ಲಿ ಗಾಡಿ ಎಲ್ಲಿರುತ್ತದೆ ಅಂತ ಒಂದು ಸಾಲಿನಲ್ಲಿ ಬರೆಯುವುದು. ಎರಡು ಗಾಡಿ ಇದ್ದರೆ ಎರಡು ಸಾಲು. ಪ್ರಶ್ನೆ ಏನು ಕೇಳುತ್ತಿದೆ ಅನ್ನುವುದನ್ನು ಆಮೇಲೆ ನೋಡಿದರಾಯಿತು.

ಗೆರೆ ನೇರ ಯಾಕೆ?

ವೇಗ ಒಂದೇ ಸಮನಾಗಿದೆ ಅಂದರೆ, ಸಮಾನ ಹೊತ್ತಿನಲ್ಲಿ ಸಮಾನ ದೂರ. ಗಂಟೆಗೆ 60 ಕಿ.ಮೀ. ವೇಗದ ಗಾಡಿ ನಿಮಿಷಕ್ಕೆ 1 ಕಿ.ಮೀ. ಹೋಗುತ್ತದೆ. ಮೊದಲ ನಿಮಿಷದಲ್ಲೂ ಅಷ್ಟೇ, ನೂರನೇ ನಿಮಿಷದಲ್ಲೂ ಅಷ್ಟೇ. ಒಂದು ಹಾಳೆಯಲ್ಲಿ ಕಾಲವನ್ನು ಅಡ್ಡಕ್ಕೂ ಸ್ಥಾನವನ್ನು ಮೇಲಕ್ಕೂ ಗುರುತು ಹಾಕುತ್ತ ಹೋದರೆ, ಪ್ರತಿ ಚುಕ್ಕಿಯೂ ಹಿಂದಿನದಕ್ಕಿಂತ ಅಷ್ಟೇ ಬಲಕ್ಕೆ, ಅಷ್ಟೇ ಮೇಲಕ್ಕೆ ಬೀಳುತ್ತದೆ. ಅವನ್ನು ಜೋಡಿಸಿದರೆ ಬರುವುದು ನೇರ ಗೆರೆ. ಬಗ್ಗಲು ಅದಕ್ಕೆ ಕಾರಣವೇ ಇಲ್ಲ.

ಕಾಲ ಕೊಟ್ಟರೆ ಸ್ಥಾನ ಹೇಳುವ ನಿಯಮವನ್ನು ಗಣಿತದಲ್ಲಿ ಫಂಕ್ಷನ್ ಎನ್ನುತ್ತಾರೆ. ಗ್ರಾಫ್ ನೇರ ಗೆರೆಯಾಗಿ ಬಂದರೆ ಅದು ರೇಖಾತ್ಮಕ ಫಂಕ್ಷನ್. ನಮ್ಮ ಲೆಕ್ಕಕ್ಕೆ ಬೇಕಾದ ನಿಯಮ ಇಷ್ಟೇ:

ಸ್ಥಾನ = ಆರಂಭ + ವೇಗ × ಕಾಲ

ಶಾಲೆಯಲ್ಲಿ ‘ವೈ ಈಕ್ವಲ್ಸ್ ಎಂಎಕ್ಸ್ ಪ್ಲಸ್ ಸಿ’ ಅಂತ ಕಲಿತದ್ದು ಇದೇ. ಅಲ್ಲಿ ‘ಎಂ’ ಅಂದರೆ ಗೆರೆಯ ಇಳಿಜಾರು, ಇಲ್ಲಿ ಅದೇ ವೇಗ. ಅಲ್ಲಿಯ ‘ಸಿ’ ಇಲ್ಲಿ ಆರಂಭ, ಅಂದರೆ ಗಡಿಯಾರ ಸೊನ್ನೆ ತೋರಿಸುವಾಗ ಗಾಡಿ ಇದ್ದ ಜಾಗ. ವೇಗ ಜಾಸ್ತಿಯಾದಷ್ಟೂ ಗೆರೆ ಕಡಿದಾಗುತ್ತದೆ. ಗಾಡಿ ನಿಂತಿದ್ದರೆ ಗೆರೆ ಅಡ್ಡಡ್ಡ ಮಲಗುತ್ತದೆ. ವಾಪಸು ಬರುತ್ತಿದ್ದರೆ ಕೆಳಗಿಳಿಯುತ್ತದೆ, ಆಗ ವೇಗಕ್ಕೆ ಮೈನಸ್ ಚಿಹ್ನೆ.

‘ದೂರ = ವೇಗ × ಕಾಲ’ ಅಂತ ಗೊತ್ತಿರುವಾಗ ಈ ‘ಆರಂಭ’ ಯಾಕೆ ಬೇಕು ಅಂತ ಕೇಳಬಹುದು. ಒಂದೇ ಗಾಡಿ ಇದ್ದಾಗ ಅದು ನಿಜಕ್ಕೂ ಬೇಡ. ಎರಡನೆಯ ಗಾಡಿ ಬಂದಾಗ ಅದರ ಬೆಲೆ ಗೊತ್ತಾಗುತ್ತದೆ. ‘ದೂರ’ ಅಂದರೆ ಆ ಗಾಡಿ ತಾನು ಹೊರಟಲ್ಲಿಂದ ಎಷ್ಟು ಬಂತು ಎಂಬ ಲೆಕ್ಕ. ಎರಡು ಗಾಡಿ ಬೇರೆ ಬೇರೆ ಕಡೆಯಿಂದ ಹೊರಟಿದ್ದರೆ ಎರಡರ ದೂರವನ್ನೂ ಸುಮ್ನೆ ಹೋಲಿಸಲು ಆಗುವುದಿಲ್ಲ. ‘ಸ್ಥಾನ’ ಹಾಗಲ್ಲ. ಒಂದೇ ರಸ್ತೆ, ಒಂದೇ ಸೊನ್ನೆ, ಎಲ್ಲರ ಸ್ಥಾನವನ್ನೂ ಅಲ್ಲಿಂದಲೇ ಅಳೆಯುವುದು. ನನ್ನ ಪ್ರಕಾರ ಇಡೀ ವಿಷಯದಲ್ಲಿ ಪಟ್ಟಾಗಿ ಹಿಡಿದುಕೊಳ್ಳಬೇಕಾದ್ದು ಇದೊಂದೇ: ದೂರ ಬರೆಯಬೇಡಿ, ಸ್ಥಾನ ಬರೆಯಿರಿ.

ಹಾಗಾಗಿ ಲೆಕ್ಕಕ್ಕೆ ಕೈ ಹಾಕುವ ಮುಂಚೆ ಮೂರು ತೀರ್ಮಾನ ಆಗಬೇಕು. ರಸ್ತೆಯ ಸೊನ್ನೆ ಎಲ್ಲಿ, ಗಡಿಯಾರದ ಸೊನ್ನೆ ಯಾವಾಗ, ಯಾವ ದಿಕ್ಕು ಪ್ಲಸ್. ಇವನ್ನು ಪ್ರಶ್ನೆ ಹೇಳಿಕೊಡುವುದಿಲ್ಲ, ನಾವೇ ಆರಿಸಬೇಕು. ಎಲ್ಲಿ ಆರಿಸಿದರೂ ಉತ್ತರ ಒಂದೇ ಬರುತ್ತದೆ. ಆದರೆ ಒಮ್ಮೆ ಆರಿಸಿದ ಮೇಲೆ ಲೆಕ್ಕದ ನಡುವೆ ಬದಲಾಯಿಸುವಂತಿಲ್ಲ.

ಒಂದು ಗಾಡಿ, ಎರಡು ನೋಟ

ರಸ್ತೆ ಬದಿಯ ಕಿಲೋಮೀಟರ್ ಕಲ್ಲುಗಳನ್ನೇ ಸ್ಥಾನ ಅಂತ ಇಟ್ಟುಕೊಳ್ಳೋಣ. ಒಂದು ಬಸ್ಸು 7:20ಕ್ಕೆ 34ನೇ ಕಲ್ಲಿನ ಹತ್ತಿರ ಕಂಡಿತು. 8:05ಕ್ಕೆ 70ನೇ ಕಲ್ಲಿನ ಹತ್ತಿರ ಇತ್ತು. ವೇಗ ಒಂದೇ ಸಮನಾಗಿತ್ತು ಅಂತ ಇಟ್ಟುಕೊಂಡರೆ, 110ನೇ ಕಲ್ಲಿಗೆ ಎಷ್ಟು ಹೊತ್ತಿಗೆ ಬರುತ್ತದೆ?

45 ನಿಮಿಷದಲ್ಲಿ 36 ಕಿ.ಮೀ. 45 ನಿಮಿಷ ಅಂದರೆ 0.75 ಗಂಟೆ. 36 ÷ 0.75 = 48. ಗೆರೆಯ ಇಳಿಜಾರು ಸಿಕ್ಕಿತು, ಗಂಟೆಗೆ 48 ಕಿ.ಮೀ. ಗಡಿಯಾರದ ಸೊನ್ನೆಯನ್ನು 7:20ಕ್ಕೇ ಇಡೋಣ, ಆಗ ಆರಂಭ 34. ಅಲ್ಲಿಂದ ಕಳೆದ ಗಂಟೆಗಳನ್ನು ‘ಕಾ’ ಅಂತ ಕರೆದರೆ:

ಸ್ಥಾನ = 34 + 48 × ಕಾ

ಸ್ಥಾನ 110 ಆಗಬೇಕು. 48 × ಕಾ = 76, ಅಂದರೆ ಕಾ ಸುಮಾರು 1.583 ಗಂಟೆ. ಇದನ್ನು 1 ಗಂಟೆ 58 ನಿಮಿಷ ಅಂತ ಓದಿಬಿಡುವುದು ಬಹಳ ಸಲೀಸು. ಅದು ತಪ್ಪು. 0.583 ಗಂಟೆಯನ್ನು 60ರಿಂದ ಗುಣಿಸಿದರೆ 35 ನಿಮಿಷ. ಬಸ್ಸು 110ನೇ ಕಲ್ಲಿಗೆ ಬರುವುದು 8:55ಕ್ಕೆ. ಪರೀಕ್ಷೆಯಲ್ಲಿ ಬೀಜಗಣಿತ ಪೂರ್ತಿ ಸರಿ ಮಾಡಿ, ಈ ಕೊನೇ ಹೆಜ್ಜೆಯಲ್ಲಿ ಅಂಕ ಕಳೆದುಕೊಳ್ಳುವವರು ತುಂಬ ಇದ್ದಾರೆ.

ಅದೇ ಸಾಲು ಹಿಂದಕ್ಕೂ ಕೆಲಸ ಮಾಡುತ್ತದೆ. 7:00ಕ್ಕೆ ಬಸ್ಸು ಎಲ್ಲಿತ್ತು? 7:20ಕ್ಕಿಂತ 20 ನಿಮಿಷ ಮುಂಚೆ, ಅಂದರೆ ಕಾ = −1/3. ಸ್ಥಾನ = 34 − 16 = 18. ಮೈನಸ್ ಕಾಲ ಕಂಡರೆ ಗಾಬರಿ ಬೇಡ, ಅದು ‘ಗಡಿಯಾರ ಶುರುವಾಗುವ ಮೊದಲು’ ಅಂತ ಅಷ್ಟೇ.

ಇಲ್ಲಿ ಒಂದು ಎಚ್ಚರ ಬೇಕು. ಎರಡು ಚುಕ್ಕಿಗಳ ನಡುವೆ ಯಾವಾಗಲೂ ಒಂದು ನೇರ ಗೆರೆ ಎಳೆಯಬಹುದು. ಹಾಗಾಗಿ ಎರಡೇ ನೋಟಗಳಿಂದ ವೇಗ ನಿಜವಾಗಿಯೂ ಬದಲಾಗಿಲ್ಲ ಅಂತ ಹೇಳಲು ಬರುವುದಿಲ್ಲ. ಅದಕ್ಕೆ ಮೂರನೆಯ ನೋಟ ಬೇಕು. ಬಸ್ಸು 8:30ಕ್ಕೆ 90ನೇ ಕಲ್ಲಿನ ಹತ್ತಿರ ಇತ್ತು ಅನ್ನಿ. ಮೊದಲು 36 ಕಿ.ಮೀ. ಹೋಗಿತ್ತು, ಈಗ 20 ಮಾತ್ರ. ನಿಧಾನವಾಯಿತು ಅನ್ನಿಸುತ್ತದೆ, ಅಲ್ವಾ? ಆದರೆ ಮೊದಲನೆಯದು 45 ನಿಮಿಷದ ದೂರ, ಎರಡನೆಯದು 25 ನಿಮಿಷದ್ದು. 36 ÷ 45 = 0.8. 20 ÷ 25 = 0.8. ಇಳಿಜಾರು ಅದೇ, ವೇಗವೂ ಅದೇ. ಪಟ್ಟಿಯಲ್ಲಿ ಹೊತ್ತಿನ ಅಂತರ ಹೆಚ್ಚುಕಡಿಮೆ ಇದ್ದಾಗ ದೂರವನ್ನಷ್ಟೇ ನೋಡಿ ತೀರ್ಮಾನಕ್ಕೆ ಬರಬಾರದು, ಭಾಗಿಸಿಯೇ ನೋಡಬೇಕು.

ಎದುರುಬದುರು

ಈಗ ಎರಡು ಗಾಡಿಗಳ ಲೆಕ್ಕಕ್ಕೆ ಬರೋಣ. ಎರಡು ಊರುಗಳ ನಡುವೆ 320 ಕಿ.ಮೀ. ಮೊದಲ ಊರಿನಿಂದ ಒಂದು ಲಾರಿ 8:00ಕ್ಕೆ ಗಂಟೆಗೆ 48 ಕಿ.ಮೀ. ವೇಗದಲ್ಲಿ ಹೊರಡುತ್ತದೆ. ಎರಡನೇ ಊರಿನಿಂದ ಒಂದು ಕಾರು 9:00ಕ್ಕೆ ಗಂಟೆಗೆ 72 ಕಿ.ಮೀ. ವೇಗದಲ್ಲಿ ಈ ಕಡೆಗೆ ಹೊರಡುತ್ತದೆ. ಎಲ್ಲಿ, ಯಾವಾಗ ಎದುರಾಗುತ್ತವೆ?

ರಸ್ತೆಯ ಸೊನ್ನೆ ಮೊದಲ ಊರಿನಲ್ಲಿ. ಗಡಿಯಾರದ ಸೊನ್ನೆ 8:00ಕ್ಕೆ. ಲಾರಿ ಹೋಗುವ ದಿಕ್ಕು ಪ್ಲಸ್. ಲಾರಿಯ ಸಾಲು ಸುಲಭ:

ಲಾರಿಯ ಸ್ಥಾನ = 48 × ಕಾ

ಕಾರು 320ರಿಂದ ಶುರುವಾಗಿ ಸೊನ್ನೆಯ ಕಡೆಗೆ ಬರುತ್ತಿದೆ, ಹಾಗಾಗಿ ವೇಗ ಮೈನಸ್. ಅದು ಹೊರಟದ್ದು ಒಂದು ಗಂಟೆ ತಡವಾಗಿ. ನಮ್ಮ ಗಡಿಯಾರದಲ್ಲಿ ಕಾ ಗಂಟೆ ಆಗಿದ್ದರೆ, ಕಾರು ಓಡಿದ್ದು (ಕಾ − 1) ಗಂಟೆ ಮಾತ್ರ:

ಕಾರಿನ ಸ್ಥಾನ = 320 − 72 × (ಕಾ − 1) = 392 − 72 × ಕಾ

ಈ 392 ಎಲ್ಲಿಂದ ಬಂತು? ರಸ್ತೆ ಇರುವುದೇ 320 ಕಿ.ಮೀ., ಕಾರು ಅಲ್ಲಿ ಎಂದೂ ಇರಲಿಲ್ಲ. ಇದು ತಡವನ್ನು ಜಾಗಕ್ಕೆ ಬದಲಾಯಿಸಿದ ಲೆಕ್ಕ. ಕಾರು 9:00ರವರೆಗೆ ನಿಂತಿತ್ತು ಅನ್ನುವ ಬದಲು, 8:00ಕ್ಕೇ 72 ಕಿ.ಮೀ. ಹಿಂದಿನಿಂದ ಹೊರಟು 9:00ಕ್ಕೆ ಸರಿಯಾಗಿ ಊರಿನ ಬಾಗಿಲಿಗೆ ಬಂತು ಅಂದುಕೊಂಡರೂ, ಆಮೇಲಿನ ಓಟದಲ್ಲಿ ಏನೂ ವ್ಯತ್ಯಾಸ ಆಗುವುದಿಲ್ಲ. ಗ್ರಾಫಿನಲ್ಲಿ ನೋಡಿದರೆ, ಕಾರಿನ ಗೆರೆಯನ್ನು ಎಡಕ್ಕೆ ಎಳೆದುಕೊಂಡು ಹೋದಾಗ ಅದು ಸ್ಥಾನ ಗುರುತು ಹಾಕುವ ನೆಟ್ಟಗಿನ ಅಕ್ಷವನ್ನು ಮುಟ್ಟುವ ಜಾಗವೇ 392. ತಡವಾಗಿ ಹೊರಟ ಗಾಡಿಯ ಲೆಕ್ಕ ಕಷ್ಟ ಅನ್ನಿಸುವುದು ಈ ಸಂಖ್ಯೆಗೆ ಅರ್ಥ ಹೊಳೆಯುವವರೆಗೆ ಮಾತ್ರ.

ಎದುರಾಗುವುದು ಅಂದರೆ ಒಂದೇ ಹೊತ್ತಿನಲ್ಲಿ ಒಂದೇ ಜಾಗದಲ್ಲಿ ಇರುವುದು. ಎರಡು ಸಾಲನ್ನೂ ಸಮ ಮಾಡಿದರೆ ಮುಗಿಯಿತು:

48 × ಕಾ = 392 − 72 × ಕಾ
120 × ಕಾ = 392
ಕಾ ≈ 3.267 ಗಂಟೆ, ಅಂದರೆ 3 ಗಂಟೆ 16 ನಿಮಿಷ

ಎದುರಾಗುವುದು 11:16ಕ್ಕೆ. ಲಾರಿಯ ಸಾಲಿಗೆ ಹಾಕಿದರೆ ಸ್ಥಾನ 156.8 ಕಿ.ಮೀ. ಕಾರಿನ ಸಾಲಿಗೂ ಹಾಕಿ ನೋಡಿ. 11:16ಕ್ಕೆ ಕಾರು 2 ಗಂಟೆ 16 ನಿಮಿಷ ಓಡಿರುತ್ತದೆ, ಅಂದರೆ 163.2 ಕಿ.ಮೀ. 320ರಿಂದ ಕಳೆದರೆ ಅದೇ 156.8. ಹೀಗೆ ಎರಡನೇ ಸಾಲಿಗೆ ಹಾಕಿ ಪರೀಕ್ಷಿಸುವ ಅಭ್ಯಾಸ ಒಳ್ಳೆಯದು. ಮೊದಲ ಸಾಲಿಗೇ ಮತ್ತೆ ಹಾಕಿದರೆ ಎರಡನೇ ಸಾಲು ಬರೆಯುವಾಗ ಆದ ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ.

120 ಹೇಗೆ ಬಂತು ಗಮನಿಸಿದಿರಾ? 48 ಮತ್ತು 72ರ ಮೊತ್ತ ಅದು. ‘ಎದುರುಬದುರಾದರೆ ವೇಗ ಕೂಡಿಸು’ ಅನ್ನುವ ಸೂತ್ರ ತಾನಾಗಿಯೇ ಹುಟ್ಟಿತು. ನಾವು ಕೂಡಿಸಬೇಕು ಅಂತ ಹೊರಟೇ ಇರಲಿಲ್ಲ.

ಹಿಂದಿನಿಂದ ಬಂದು ಹಿಡಿಯುವುದು

ಒಬ್ಬರು ಸೈಕಲ್ಲಿನಲ್ಲಿ 6:00ಕ್ಕೆ ಹೊರಡುತ್ತಾರೆ, ಗಂಟೆಗೆ 15 ಕಿ.ಮೀ. ಅದೇ ಜಾಗದಿಂದ, ಅದೇ ದಾರಿಯಲ್ಲಿ ಸ್ಕೂಟರಿನವರು 7:30ಕ್ಕೆ ಹೊರಡುತ್ತಾರೆ, ಗಂಟೆಗೆ 40 ಕಿ.ಮೀ. ಸೈಕಲ್ಲು 15 × ಕಾ, ಸ್ಕೂಟರು 40 × (ಕಾ − 1.5), ಅಂದರೆ 40 × ಕಾ − 60. ಸಮ ಮಾಡಿದರೆ 25 × ಕಾ = 60, ಕಾ = 2.4 ಗಂಟೆ. ಹೊತ್ತು 8:24, ಸ್ಥಾನ 36 ಕಿ.ಮೀ. ಈ ಸಲ ಬಂದದ್ದು ವೇಗಗಳ ವ್ಯತ್ಯಾಸ.

ಸ್ವಾರಸ್ಯ ಇರುವುದು ಹಿಡಿಯಲು ಆಗದಿದ್ದಾಗ. ಸ್ಕೂಟರಿನವರೂ ಗಂಟೆಗೆ 15ರಲ್ಲೇ ಹೋದರೆ? 15 × ಕಾ = 15 × ಕಾ − 22.5. ಎರಡೂ ಕಡೆಯ ‘ಕಾ’ ಹಾರಿಹೋಗಿ 0 = −22.5 ಅಂತ ಉಳಿಯುತ್ತದೆ. ಇದು ಎಂದಿಗೂ ಆಗದ ಮಾತು. ಗ್ರಾಫಿನಲ್ಲಿ ಇವು ಸಮಾಂತರ ಗೆರೆಗಳು. ಆ 22.5 ಕೂಡ ವ್ಯರ್ಥ ಅಲ್ಲ, ಇಬ್ಬರ ನಡುವೆ ಕೊನೆತನಕ ಉಳಿಯುವ ಅಂತರ ಅಷ್ಟು ಕಿಲೋಮೀಟರ್.

ಇನ್ನೂ ನಿಧಾನ, ಗಂಟೆಗೆ 10 ಅಂತ ಇಡಿ. 15 × ಕಾ = 10 × ಕಾ − 15, ಕಾ = −3. ಉತ್ತರ ಬಂತು, ಆದರೆ ಅದು ಬೆಳಗಿನ ಜಾವ 3:00 ಗಂಟೆ, ಸ್ಥಾನ −45. ಆಗ ಇಬ್ಬರೂ ಹೊರಟೇ ಇರಲಿಲ್ಲ. ಗೆರೆಗಳು ಸೇರುತ್ತವೆ, ಮನುಷ್ಯರು ಸೇರುವುದಿಲ್ಲ. ಒಂದು ಸಾಲು ಬರೆದಾಗ ಅದು ಯಾವ ಹೊತ್ತಿನಿಂದ ಯಾವ ಹೊತ್ತಿನವರೆಗೆ ನಿಜ ಅನ್ನುವುದನ್ನೂ ಪಕ್ಕದಲ್ಲಿ ಬರೆದುಕೊಳ್ಳಬೇಕು. ಸ್ಕೂಟರಿನ ಸಾಲು ನಿಜವಾಗುವುದು ಕಾ 1.5 ಅಥವಾ ಅದಕ್ಕಿಂತ ಜಾಸ್ತಿ ಇದ್ದಾಗ ಮಾತ್ರ.

ಕ್ರಿ.ಶ. 499ರ ಹೊತ್ತಿಗೆ ಆರ್ಯಭಟ ಈ ಎರಡೂ ನಿಯಮಗಳನ್ನು ಒಂದೇ ಶ್ಲೋಕದಲ್ಲಿ ಕೊಟ್ಟಿದ್ದ. ಎರಡು ವಸ್ತುಗಳ ನಡುವಿನ ಅಂತರವನ್ನು, ವಿರುದ್ಧ ದಿಕ್ಕಿನಲ್ಲಿ ಸಾಗುತ್ತಿದ್ದರೆ ವೇಗಗಳ ಮೊತ್ತದಿಂದ, ಒಂದೇ ದಿಕ್ಕಿನಲ್ಲಾದರೆ ವ್ಯತ್ಯಾಸದಿಂದ ಭಾಗಿಸು. ಬರುವುದು ಅವು ಸೇರುವ ಕಾಲ. ಅಷ್ಟಕ್ಕೇ ನಿಲ್ಲಿಸದೆ, ಆ ಕಾಲ ಕಳೆದುಹೋದದ್ದೂ ಇರಬಹುದು, ಬರಲಿರುವುದೂ ಇರಬಹುದು ಅಂತ ಸೇರಿಸಿದ್ದಾನೆ. ನಮ್ಮ ಸೈಕಲ್ಲು ಸ್ಕೂಟರಿಗೆ −3 ಅಂದರೆ ಅರ್ಥವಿಲ್ಲದ ಉತ್ತರ. ಆಕಾಶದಲ್ಲಿ ಹಾಗಲ್ಲ. ಗ್ರಹಗಳು ‘ಹೊರಡುವುದು’ ಅಂತ ಇಲ್ಲ, ಮೊದಲಿನಿಂದಲೂ ಸಾಗುತ್ತಲೇ ಇರುತ್ತವೆ. ಅಲ್ಲಿ ಮೈನಸ್ ಕಾಲ ಅಂದರೆ ನಿಜವಾಗಿಯೂ ನಡೆದುಹೋದ ಭೇಟಿ.

ಉದ್ದ ಇರುವ ಗಾಡಿ

180 ಮೀಟರ್ ಉದ್ದದ ರೈಲು, 270 ಮೀಟರ್ ಉದ್ದದ ಸೇತುವೆ, ವೇಗ ಗಂಟೆಗೆ 54 ಕಿ.ಮೀ. ಪೂರ್ತಿ ದಾಟಲು ಎಷ್ಟು ಸೆಕೆಂಡ್? ಮೊದಲು ಅಳತೆ ಒಂದೇ ಥರ ಆಗಬೇಕು. ಗಂಟೆಗೆ 3.6 ಕಿ.ಮೀ. ಅಂದರೆ ಸೆಕೆಂಡಿಗೆ 1 ಮೀಟರ್. 54 ÷ 3.6 = 15.

ರೈಲನ್ನು ಒಂದು ಚುಕ್ಕಿ ಅಂತ ನೋಡಿದರೆ ಇಲ್ಲಿ ಕೆಲಸ ಕೆಡುತ್ತದೆ. ಅದಕ್ಕೆ ಎರಡು ಸಾಲು ಬರೆಯಿರಿ, ಎಂಜಿನ್ನಿಗೆ ಒಂದು, ಕೊನೇ ಬೋಗಿಗೆ ಒಂದು. ಎಂಜಿನ್ನಿನ ಮೂತಿ ಸೇತುವೆಯ ಶುರುವಿಗೆ ಬಂದಾಗ ಗಡಿಯಾರ ಸೊನ್ನೆ. ಮೂತಿಯ ಸ್ಥಾನ 15 × ಕಾ, ಬಾಲದ ಸ್ಥಾನ 15 × ಕಾ − 180. ಪೂರ್ತಿ ದಾಟಿತು ಅಂದರೆ ಬಾಲ 270 ಮುಟ್ಟಿತು ಅಂತ. 15 × ಕಾ = 450, ಕಾ = 30 ಸೆಕೆಂಡ್. ಉದ್ದಗಳನ್ನು ಕೂಡಿಸುವ ನಿಯಮದ ಗುಟ್ಟು ಇಷ್ಟೇ. ರೈಲು ಇಡೀ ಉದ್ದಕ್ಕೆ ಸೇತುವೆಯ ಮೇಲೇ ಇದ್ದದ್ದು ಎಷ್ಟು ಹೊತ್ತು ಅಂತ ಕೇಳಿದರೆ? ಬಾಲ ಸೇತುವೆಗೆ ಹತ್ತುವುದು 12ನೇ ಸೆಕೆಂಡಿಗೆ, ಮೂತಿ ಇಳಿಯುವುದು 18ನೇ ಸೆಕೆಂಡಿಗೆ. ಉತ್ತರ 6 ಸೆಕೆಂಡ್. ‘ಉದ್ದ ಕೂಡಿಸು’ ಅಂತ ಬಾಯಿಪಾಠ ಮಾಡಿದವರಿಗೆ ಈ ಪ್ರಶ್ನೆ ಇಕ್ಕಟ್ಟು, ಎರಡು ಸಾಲು ಬರೆದವರಿಗೆ ಒಂದು ಕಳೆಯುವ ಲೆಕ್ಕ.

ರೈಲಿನವರು ಇದನ್ನೇ ಗೀಟು ಎಳೆದು ಮಾಡುತ್ತಾರೆ

ರೈಲ್ವೆಯಲ್ಲಿ ಈ ಗ್ರಾಫು ದಿನನಿತ್ಯದ ಸಾಧನ. 19ನೇ ಶತಮಾನದ ಫ್ರಾನ್ಸಿನಲ್ಲಿ ಪ್ಯಾರಿಸ್ ಮತ್ತು ಲಿಯೋನ್ ನಡುವಿನ ರೈಲುಗಳ ಇಡೀ ದಿನದ ವೇಳಾಪಟ್ಟಿಯನ್ನು ಒಂದೇ ಹಾಳೆಯಲ್ಲಿ ಗೆರೆಗಳಾಗಿ ಎಳೆದ ಪ್ರಸಿದ್ಧ ನಕ್ಷೆಯೊಂದಿದೆ. ಎತಿಯೆನ್ ಜೂಲ್ ಮಾರೆ ಎಂಬ ವಿಜ್ಞಾನಿ ಅದನ್ನು ತನ್ನ ಪುಸ್ತಕದಲ್ಲಿ ಅಚ್ಚು ಹಾಕಿಸಿದ. ಅಡ್ಡಕ್ಕೆ ಗಂಟೆಗಳು. ಮೇಲಿನಿಂದ ಕೆಳಕ್ಕೆ ನಿಲ್ದಾಣಗಳು, ನಿಜವಾದ ದೂರಕ್ಕೆ ತಕ್ಕ ಅಂತರದಲ್ಲಿ. ಒಂದೊಂದು ರೈಲಿಗೆ ಒಂದೊಂದು ಓರೆ ಗೆರೆ. ಕಡಿದಾದ ಗೆರೆ ಅಂದರೆ ಜೋರಾಗಿ ಓಡುವ ರೈಲು. ನಿಲ್ದಾಣದಲ್ಲಿ ಗೆರೆ ಚೂರು ಅಡ್ಡ ಹೋದರೆ ಅಲ್ಲಿ ನಿಂತಿದೆ ಅಂತ. ಈ ಕಡೆಯಿಂದ ಹೋಗುವ ಗೆರೆ ಆ ಕಡೆಯಿಂದ ಬರುವ ಗೆರೆಯನ್ನು ಎಲ್ಲಿ ಕತ್ತರಿಸುತ್ತದೋ, ಅಲ್ಲಿ ಎರಡು ರೈಲು ಎದುರಾಗುತ್ತವೆ. ಒಂದೇ ಹಳಿ ಇರುವ ಮಾರ್ಗದಲ್ಲಿ ಆ ಕತ್ತರಿ ಎರಡು ನಿಲ್ದಾಣಗಳ ನಡುವೆ ಬೀಳುವ ಹಾಗಿಲ್ಲ, ಪಕ್ಕಕ್ಕೆ ಸರಿಯಲು ಇನ್ನೊಂದು ಹಳಿ ಇರುವ ನಿಲ್ದಾಣದಲ್ಲೇ ಬೀಳಬೇಕು. ಬೀಳದಿದ್ದರೆ ಒಂದು ಗೆರೆಯನ್ನು ಸ್ವಲ್ಪ ಬಲಕ್ಕೆ ಸರಿಸುತ್ತಾರೆ, ಅಂದರೆ ಆ ರೈಲನ್ನು ಕಾಯಿಸುತ್ತಾರೆ. ಕ್ರಾಸಿಂಗ್ ಅಂತ ಗಾಡಿ ಸುಮ್ನೆ ನಿಂತಾಗ ನಡೆಯುತ್ತಿರುವುದು ಇದೇ.

ವೇಗ ನಡುವೆ ಬದಲಾದರೂ ಈ ದಾರಿ ಕೈ ಬಿಡುವುದಿಲ್ಲ. ಗೆರೆ ಅಲ್ಲಲ್ಲಿ ಮುರಿಯುತ್ತದೆ, ತುಂಡು ತುಂಡಾಗಿ ಬರೆಯಬೇಕು. ಸರಾಸರಿ ವೇಗದ ಹಳೇ ಬಲೆ ಇಲ್ಲೇ ಇದೆ. 120 ಕಿ.ಮೀ. ಹೋಗುವಾಗ ಗಂಟೆಗೆ 40, ಬರುವಾಗ ಗಂಟೆಗೆ 60. ಸರಾಸರಿ 50 ಅಂತ ನಾಲಿಗೆ ತುದಿಗೆ ಬಂದುಬಿಡುತ್ತದೆ. ಹೋಗಲು 3 ಗಂಟೆ, ಬರಲು 2 ಗಂಟೆ, ಒಟ್ಟು ಓಡಿದ್ದು 240 ಕಿ.ಮೀ. 240 ÷ 5 = 48. ನಿಧಾನದ ತುಂಡು ಅಡ್ಡಕ್ಕೆ ಜಾಸ್ತಿ ಜಾಗ ತಿಂದಿರುವುದರಿಂದ ಸರಾಸರಿ ಅದರ ಕಡೆಗೆ ವಾಲುತ್ತದೆ.

ಹೊರಟ ಹೊತ್ತೇ ಗೊತ್ತಿಲ್ಲದಿದ್ದರೆ?

ಮಿಂಚು ಕಂಡು ಗುಡುಗು ಕೇಳುವವರೆಗೆ ಸೆಕೆಂಡ್ ಎಣಿಸಿ ಮೂರರಿಂದ ಭಾಗಿಸಿದರೆ, ಸಿಡಿಲು ಎಷ್ಟು ಕಿ.ಮೀ. ದೂರದಲ್ಲಿ ಅಂತ ಅಂದಾಜು ಸಿಗುತ್ತದೆ. 20 ಡಿಗ್ರಿ ಸೆಲ್ಸಿಯಸ್ ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್, ಅಂದರೆ ಕಿಲೋಮೀಟರಿಗೆ ಹತ್ತಿರಹತ್ತಿರ 3 ಸೆಕೆಂಡ್. ಬೆಳಕು ಸೆಕೆಂಡಿಗೆ ಸುಮಾರು 3 ಲಕ್ಷ ಕಿ.ಮೀ. ಓಡುವುದರಿಂದ ಮಿಂಚು ಕಂಡ ಕ್ಷಣವನ್ನೇ ಗಡಿಯಾರದ ಸೊನ್ನೆ ಮಾಡಿಕೊಳ್ಳಬಹುದು.

ಭೂಕಂಪದಲ್ಲಿ ಆ ಅನುಕೂಲ ಇಲ್ಲ. ನೆಲದೊಳಗೆ ಯಾವ ಕ್ಷಣದಲ್ಲಿ ಬಿರುಕು ಬಿಟ್ಟಿತು ಅಂತ ಹೇಳುವ ಮಿಂಚು ಯಾವುದೂ ಇಲ್ಲ. ಆದರೆ ಅಲ್ಲಿಂದ ಎರಡು ಬಗೆಯ ಅಲೆಗಳು ಒಟ್ಟಿಗೇ ಹೊರಡುತ್ತವೆ. ಭೂಮಿಯ ಹೊರಪದರದಲ್ಲಿ ‘ಪಿ’ ಅಲೆ ಸೆಕೆಂಡಿಗೆ ಸುಮಾರು 6 ಕಿ.ಮೀ., ‘ಎಸ್’ ಅಲೆ ಸುಮಾರು 3.5 ಕಿ.ಮೀ. ವೇಗದಲ್ಲಿ ಸಾಗುತ್ತವೆ. ಅಳೆಯುವ ಕೇಂದ್ರಕ್ಕೆ ‘ಪಿ’ ಮೊದಲು ಬರುತ್ತದೆ, ‘ಎಸ್’ ಆಮೇಲೆ. ಈಗ ಗ್ರಾಫನ್ನು ತಿರುವಿ ಹಾಕೋಣ. ದೂರ ಕೊಟ್ಟರೆ ಹೊತ್ತು ಹೇಳುವ ಸಾಲು (ಇಲ್ಲಿ ‘ಆರಂಭ’ ಅಂದರೆ ಜಾಗ ಅಲ್ಲ, ಅಲೆಗಳು ಹೊರಟ ಹೊತ್ತು):

‘ಪಿ’ ಬರುವ ಹೊತ್ತು = ಆರಂಭ + ದೂರ ÷ 6
‘ಎಸ್’ ಬರುವ ಹೊತ್ತು = ಆರಂಭ + ದೂರ ÷ 3.5

ಆರಂಭ ಗೊತ್ತಿಲ್ಲ. ಆದರೆ ಎರಡಕ್ಕೂ ಅದು ಒಂದೇ, ಹಾಗಾಗಿ ಒಂದರಿಂದ ಇನ್ನೊಂದನ್ನು ಕಳೆದರೆ ಹೊರಟುಹೋಗುತ್ತದೆ. ಉಳಿಯುವುದು ದೂರ ಮಾತ್ರ. ಲೆಕ್ಕ ಹಾಕಿದರೆ, ದೂರ ಸುಮಾರು 8.4 × ಅಂತರದ ಸೆಕೆಂಡುಗಳು. ಎರಡು ಅಲೆಗಳ ನಡುವೆ 10 ಸೆಕೆಂಡ್ ಅಂತರ ಇದ್ದರೆ ಭೂಕಂಪ ಆದದ್ದು ಸುಮಾರು 84 ಕಿ.ಮೀ. ದೂರದಲ್ಲಿ. ಆ ದೂರಕ್ಕೆ ‘ಪಿ’ಗೆ 14 ಸೆಕೆಂಡ್ ಬೇಕು, ‘ಎಸ್’ಗೆ 24. ‘ಪಿ’ ಬಂದ ಹೊತ್ತಿನಿಂದ 14 ಸೆಕೆಂಡ್ ಹಿಂದಕ್ಕೆ ಹೋದರೆ, ಗೊತ್ತಿಲ್ಲ ಅಂದುಕೊಂಡಿದ್ದ ಆರಂಭವೂ ಸಿಕ್ಕಿತು.

ಅಲೆಗಳು ತುಂಬ ಆಳಕ್ಕೆ ಇಳಿದು ಬಂದಾಗ ಅವುಗಳ ವೇಗ ಒಂದೇ ಸಮನಾಗಿರುವುದಿಲ್ಲ, ಗೆರೆ ಬಾಗುತ್ತದೆ. ಆಗ ಮೊದಲೇ ಸಿದ್ಧಪಡಿಸಿದ ಕೋಷ್ಟಕ ಬಳಸುತ್ತಾರೆ. ಹತ್ತಿರದ ಭೂಕಂಪಕ್ಕೆ ನೇರ ಗೆರೆ ಒಳ್ಳೆಯ ಅಂದಾಜನ್ನೇ ಕೊಡುತ್ತದೆ. ಒಂದು ಕೇಂದ್ರದಿಂದ ದೂರ ಮಾತ್ರ ಗೊತ್ತಾಗುತ್ತದೆ, ದಿಕ್ಕು ಗೊತ್ತಾಗುವುದಿಲ್ಲ. ಹಾಗಾಗಿ ಕನಿಷ್ಠ ಮೂರು ಕೇಂದ್ರಗಳ ಅಳತೆ ತೆಗೆದುಕೊಂಡು, ನಕ್ಷೆಯ ಮೇಲೆ ಒಂದೊಂದರ ಸುತ್ತ ಅಷ್ಟಷ್ಟು ದೂರದ ವೃತ್ತ ಎಳೆದು, ಮೂರೂ ಎಲ್ಲಿ ಸೇರುತ್ತವೆ ಅಂತ ನೋಡುತ್ತಾರೆ.